ಸಭಾಪಾಲಕ ಮತ್ತು ಸಭೆ: ಒಂದು ಬಾಂಧವ್ಯ ಮುರಿದ ಬಗೆ



ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದು ಪರೀಕ್ಷೆಗೆ ಓದುವಾಗ ಅನ್ನಿಸುವುದು ಸಹಜ. ಆದರೆ ಒಂದು ಸಣ್ಣ ಊರಿನ ಜನ ತಮ್ಮ ಧರ್ಮಬೋಧಕರೊಡನೆ ಹೇಗೆ ಬಾಳಿದರು, ಏಕೆ ಬೇರೆಯಾದರು ಎಂಬುದೂ ಇತಿಹಾಸವೇ. ಅಂಥ ಒಂದು ಪ್ರಸಂಗವನ್ನು ಇಲ್ಲಿ ಪರಿಶೀಲಿಸೋಣ.

ಇದು ನಡೆದದ್ದು ಉತ್ತರ ಅಮೆರಿಕದ ಬ್ರಿಟಿಷ್ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಊರಿನಲ್ಲಿ. ನಮ್ಮಲ್ಲಿ ಸಿ.ಎಸ್.ಐ. ಸಭೆಗಳಿಗೆ ಸಭಾಪಾಲಕರನ್ನು ನೇಮಿಸುವವರು, ವರ್ಗಾಯಿಸುವವರು ಬಿಷಪ್ಪರು. ನಾರ್ಥಾಂಪ್ಟನ್ನಿನ ಕಾಂಗ್ರಿಗೇಷನಲ್ ಚರ್ಚಿನಲ್ಲಿ ಬಿಷಪ್ಪರೇ ಇರಲಿಲ್ಲ. ಸಭೆಯೇ ಸಭಾಪಾಲಕರನ್ನು ಕರೆಯಬೇಕು. ಊರೇ ಸಂಬಳ ಕೊಡಬೇಕು. ಒಮ್ಮೆ ಬಂದವರು ಸಾಮಾನ್ಯವಾಗಿ ಕೊನೆಯುಸಿರಿನವರೆಗೂ ಅಲ್ಲೇ ಇರುತ್ತಿದ್ದರು.

ಜೊನಾಥನ್ ಎಡ್ವರ್ಡ್ಸ್ 1727ರಲ್ಲಿ ತಮ್ಮ ತಾತ ಸಾಲೊಮನ್ ಸ್ಟಾಡರ್ಡ್ ಅವರ ಸಹಾಯಕರಾಗಿ ಇಲ್ಲಿಗೆ ಬಂದರು. 1729ರಲ್ಲಿ ತಾತ ತೀರಿಕೊಂಡಾಗ ಪೂರ್ಣ ಹೊಣೆ ಅವರ ಹೆಗಲೇರಿತು. 1734–35ರಲ್ಲಿ ಊರಿನಲ್ಲಿ ದೊಡ್ಡ ಧಾರ್ಮಿಕ ಜಾಗೃತಿ ಕಾಣಿಸಿತು. ಅರ್ಧ ವರ್ಷದಲ್ಲಿ 300ಕ್ಕೂ ಹೆಚ್ಚು ಮಂದಿ ಮನಃಪರಿವರ್ತನೆ ಹೊಂದಿದರೆಂದು ಅವರೇ ಅಂದಾಜಿಸಿದರು. ಆ ವೃತ್ತಾಂತ 1737ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ, ಊರಿಗೂ ಅವರಿಗೂ ಹೆಸರು ತಂದಿತು.

ಇಂಥ ಬಾಂಧವ್ಯ ಹಳಸಿದ್ದು ಒಂದೇ ದಿನದಲ್ಲಲ್ಲ. ಮೊದಲನೆಯದು ಹಣದ ವಿಷಯ. ಕಾಗದದ ನಾಣ್ಯದ ಬೆಲೆ ಕುಸಿಯುತ್ತಿತ್ತು. ಮನೆಯಲ್ಲಿ ಮಕ್ಕಳು ಹೆಚ್ಚುತ್ತಿದ್ದರು, ಕೊನೆಗೆ ಹನ್ನೊಂದು. ಎಡ್ವರ್ಡ್ಸ್ ನಿಗದಿತ ಸಂಬಳ ಕೇಳಿದರು. ಊರಿನವರು ಅವರ ಮನೆಖರ್ಚಿನ ಬಗ್ಗೆ ಪಿಸುಗುಟ್ಟತೊಡಗಿದರು.

ಎರಡನೆಯದು 1744ರ ಘಟನೆ. ಕೆಲವು ಯುವಕರು ಸೂಲಗಿತ್ತಿಯರ ಕೈಪಿಡಿಯನ್ನು ಗುಟ್ಟಾಗಿ ಓದಿ ಹುಡುಗಿಯರನ್ನು ಗೇಲಿ ಮಾಡಿದ್ದರು. ವಿಚಾರಣೆಗೆ ಬರಬೇಕಾದವರ ಹೆಸರುಗಳನ್ನು ಎಡ್ವರ್ಡ್ಸ್ ಸಭೆಯೆದುರು ಓದಿದರು. ಆರೋಪಿಗಳು ಯಾರು, ಸಾಕ್ಷಿಗಳು ಯಾರು ಎಂದು ಬಿಡಿಸಿ ಹೇಳಲಿಲ್ಲ. ಊರಿನ ಅನೇಕ ಪ್ರಮುಖ ಮನೆಗಳು ಕೆರಳಿದವೆಂದು ಅವರ ಶಿಷ್ಯ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಬರೆದ ಜೀವನಚರಿತ್ರೆ ಹೇಳುತ್ತದೆ. ತಪ್ಪನ್ನು ತಿದ್ದುವುದು ಅವರ ಕರ್ತವ್ಯವೇ ಆಗಿತ್ತು. ತಿದ್ದಿದ ರೀತಿ ಮಾತ್ರ ನಂಬಿಕೆಯನ್ನು ತಿಂದುಹಾಕಿತು.

ಇಲ್ಲೊಂದು ಅಂಕಿಯನ್ನು ಗಮನಿಸಿ. ಆನಂತರ 1748ರ ಡಿಸೆಂಬರ್‌ವರೆಗೆ, ಅಂದರೆ ಸುಮಾರು ನಾಲ್ಕು ವರ್ಷ, ಸದಸ್ಯತ್ವ ಕೇಳಿಕೊಂಡು ಒಬ್ಬರೂ ಬರಲಿಲ್ಲ. ಪ್ರಯೋಗಾಲಯದಲ್ಲಿ ಮಾಪಕದ ಮುಳ್ಳು ಹೀಗೆ ಸೊನ್ನೆಯಲ್ಲೇ ನಿಂತರೆ ನಾವು ಪ್ರಯೋಗವನ್ನು ನಿಲ್ಲಿಸಿ ಕಾರಣ ಹುಡುಕುತ್ತೇವೆ. ನಾರ್ಥಾಂಪ್ಟನ್ನಿನಲ್ಲಿ ಎರಡೂ ಕಡೆಯವರು ಮುಂದೆ ಕುಳಿತು ಮನಸ್ಸು ಬಿಚ್ಚಲಿಲ್ಲ.

ಕೊನೆಗೆ ಸಿಡಿದದ್ದು ಸಿದ್ಧಾಂತದ ಜಗಳ. ಸನ್ನಡತೆಯ ಎಲ್ಲರಿಗೂ ಕರ್ತನ ಭೋಜನ ಸಂಸ್ಕಾರದಲ್ಲಿ ಅವಕಾಶವಿರಬೇಕೆಂಬುದು ತಾತನ ಮತ. ಹೃದಯದ ನಂಬಿಕೆಯನ್ನು ಬಾಯಿಬಿಟ್ಟು ಹೇಳಿದವರಿಗೆ ಮಾತ್ರ ಎಂದು ಮೊಮ್ಮಗ ನಿಶ್ಚಯಿಸಿದರು. ಈ ವಿಷಯವನ್ನು ಭಾನುವಾರದ ಪ್ರಸಂಗದಲ್ಲಿ ವಿವರಿಸಲು ಸಭೆಯವರು ಬಿಡಲಿಲ್ಲ. ಎಡ್ವರ್ಡ್ಸ್ 1749ರಲ್ಲಿ ಪುಸ್ತಕ ಬರೆದರು, ಓದಿದವರು ಕೆಲವರೇ.

1750ರ ಜೂನ್‌ನಲ್ಲಿ ನೆರೆಹೊರೆಯ ಚರ್ಚುಗಳ ಪ್ರತಿನಿಧಿಗಳ ಮಂಡಳಿ ಸೇರಿತು. ಸಭೆಯ ಪುರುಷ ಸದಸ್ಯರಿಗೆ ಮಾತ್ರ ಮತಾಧಿಕಾರ. ಇನ್ನೂರಕ್ಕೂ ಹೆಚ್ಚು ಮಂದಿ ಬಿಡುಗಡೆ ಬೇಕೆಂದರು. ಎಡ್ವರ್ಡ್ಸ್ ಪರ ನಿಂತವರು 23. ಮಂಡಳಿಯಲ್ಲಿ ಒಂದೇ ಮತದ ಅಂತರದಿಂದ ತೀರ್ಮಾನವಾಯಿತು. ಹೀಗೆ 23 ವರ್ಷಗಳ ಸೇವೆ ಮುಗಿಯಿತು. ಜುಲೈ 1ರ ಬೀಳ್ಕೊಡುಗೆಯ ಪ್ರಸಂಗದಲ್ಲಿ ಅವರು ಬಯ್ಯಲಿಲ್ಲ. ಬೋಧಕನೂ ಜನರೂ ದೇವರ ನ್ಯಾಯಾಸನದ ಮುಂದೆ ಮತ್ತೆ ಸೇರುವರು, ಪರಸ್ಪರ ಹೇಗೆ ನಡೆದುಕೊಂಡೆವೆಂಬ ಲೆಕ್ಕ ಅಲ್ಲಿ ಒಪ್ಪಿಸಬೇಕು ಎಂಬುದೇ ಅದರ ತಿರುಳು. ಬದಲಿ ಬೋಧಕರು ಸಿಗದಿದ್ದಾಗ, ಕಳುಹಿಸಿಕೊಟ್ಟವರನ್ನೇ ಕೆಲವು ಭಾನುವಾರ ಕರೆಯಬೇಕಾಯಿತು!

1751ರಲ್ಲಿ ಎಡ್ವರ್ಡ್ಸ್ ಸ್ಟಾಕ್‌ಬ್ರಿಜ್‌ಗೆ ಹೋಗಿ ಮೊಹಿಕನ್ ಮೂಲನಿವಾಸಿಗಳ ನಡುವೆ ಕೆಲಸ ಮಾಡಿದರು. 1758ರಲ್ಲಿ, ಇಂದಿನ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವಾಗಿ ಬೆಳೆದ ಕಾಲೇಜಿನ ಅಧ್ಯಕ್ಷರಾದರು. ಸಿಡುಬಿಗೆ ಹಾಕಿಸಿಕೊಂಡ ಚುಚ್ಚುಮದ್ದಿನಿಂದಲೇ ಮಾರ್ಚ್ 22ರಂದು ತೀರಿಕೊಂಡರು. ವಿರೋಧಿಗಳ ಮುಂದಾಳಾಗಿದ್ದ ವಕೀಲ ಜೋಸೆಫ್ ಹಾಲಿ ಅವರ ಪಶ್ಚಾತ್ತಾಪದ ಪತ್ರ ಬಾಸ್ಟನ್ನಿನ ಪತ್ರಿಕೆಯಲ್ಲಿ ಪ್ರಕಟವಾದದ್ದು 1760ರಲ್ಲಿ. ಅದನ್ನು ಓದಲು ಎಡ್ವರ್ಡ್ಸ್ ಇರಲಿಲ್ಲ.

ಯಾರದು ಸರಿ ಎಂದು ನೀವು ಕೇಳಬಹುದು. ಸಿದ್ಧಾಂತದ ಪ್ರಶ್ನೆಯನ್ನು ಬಲ್ಲವರಿಗೆ ಬಿಡೋಣ. ಆದರೆ ಬೋಧಕರನ್ನು ಕರೆಯಲು ಆ ಸಭೆಗೆ ಕ್ರಮವಿತ್ತು, ಕಳುಹಿಸಲೂ ಕ್ರಮವಿತ್ತು. ನಡುವಿನ ವರ್ಷಗಳಲ್ಲಿ ‘ನಮ್ಮ ಕೆಲಸ ಹೇಗೆ ಸಾಗಿದೆ?’ ಎಂದು ಪರಸ್ಪರ ಕೇಳುವ ಕ್ರಮ ಬೆಳೆಯಲಿಲ್ಲ. ಸಂಬಳದ ಮಾತು, ಹೆಸರು ಓದಿದ ನೋವು ಆಗಾಗಲೇ ಇತ್ಯರ್ಥವಾಗಿದ್ದರೆ, ಸಿದ್ಧಾಂತದ ಚರ್ಚೆ ಚರ್ಚೆಯಾಗಿಯೇ ಉಳಿಯಬಹುದಿತ್ತೇನೋ.

ನಿಮ್ಮ ತರಗತಿ, ವಿದ್ಯಾರ್ಥಿ ಸಂಘ, ಆಟದ ತಂಡ ಇವುಗಳನ್ನೂ ಈ ದೃಷ್ಟಿಯಿಂದ ನೋಡಿ. ನಾಯಕರೂ ಸದಸ್ಯರೂ ಒಟ್ಟಿಗೆ ಕುಳಿತು ಕೊನೆಯ ಬಾರಿ ಮಾತನಾಡಿದ್ದು ಯಾವಾಗ? ಗೆಳೆಯರೊಡನೆ ಚರ್ಚಿಸಿ.