ಸುಟ್ಟುಹಾಕಬೇಕಿದ್ದ ಸಿನಿಮಾ

ರಕ್ತಪಿಶಾಚಿ ಬಿಸಿಲಿಗೆ ಬಿದ್ದರೆ ಸುಟ್ಟು ಹೋಗುತ್ತದೆ ಎಂಬುದು ಈಗ ಹೈಸ್ಕೂಲು ಮಕ್ಕಳಿಗೆಲ್ಲ ಗೊತ್ತು. 1998ರ 'ಬ್ಲೇಡ್' ಎಂಬ ಹೊಡೆದಾಟದ ಚಿತ್ರದಲ್ಲಿ ನಾಯಕ ಹಗಲಲ್ಲೂ ತಿರುಗಾಡಬಲ್ಲ ಅರೆಪಿಶಾಚಿ. ಅವನ ಹೆಚ್ಚುಗಾರಿಕೆಯೇ ಅದು. 2025ರ 'ಸಿನ್ನರ್ಸ್' ಚಿತ್ರದಲ್ಲೂ ಬೆಳಗಾಗುವವರೆಗೆ ಜೀವ ಹಿಡಿದುಕೊಂಡಿದ್ದವರಷ್ಟೇ ಗೆದ್ದಂತೆ. ಇದು ಯೂರೋಪಿನ ಅಜ್ಜಿಯರು ಹೇಳಿಕೊಂಡು ಬಂದ ಮಾತಿರಬೇಕೆಂದು ನಾನೂ ಬಹಳ ಕಾಲ ನಂಬಿದ್ದೆ. ನಮ್ಮ ಕತೆಗಳ ದೆವ್ವಗಳೂ ಕೋಳಿ ಕೂಗಿದೊಡನೆ ಓಡಿಹೋಗುತ್ತವಲ್ಲ! ಆದರೆ ಓಡುವುದು ಬೇರೆ, ಸಾಯುವುದು ಬೇರೆ. ಬಿಸಿಲಿಗೆ ಸಾಯುವ ಪಿಶಾಚಿಯನ್ನು ನಮಗೆ ಕೊಟ್ಟದ್ದು ಸಿನಿಮಾ.

ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ 'ಡ್ರಾಕುಲಾ' ಕಾದಂಬರಿಯನ್ನು ತೆರೆದು ನೋಡಿ. ಅಲ್ಲಿ ಡ್ರಾಕುಲಾ ಲಂಡನ್ನಿನ ಬೀದಿಯಲ್ಲಿ ಹಾಡಹಗಲೇ ಕಾಣಿಸಿಕೊಳ್ಳುತ್ತಾನೆ. ಹಗಲಲ್ಲಿ ಅವನ ಶಕ್ತಿ ಕುಗ್ಗುತ್ತದೆ, ಅಷ್ಟೆ. ಕೊನೆಗೆ ಅವನನ್ನು ಮುಗಿಸುವುದು ಎರಡು ಚೂರಿಗಳು. ಅವುಗಳಲ್ಲೊಂದು ಗೂರ್ಖರ ಕುಕ್ರಿ ಎಂಬುದು ನಮಗೆ ತಮಾಷೆಯಾಗಿ ಕಾಣುವ ಸಂಗತಿ.

1922ರ ಮಾರ್ಚ್ 4ರಂದು ಬರ್ಲಿನ್ನಿನಲ್ಲಿ 'ನೊಸ್ಫೆರಾಟು' ಎಂಬ ಮೂಕಿಚಿತ್ರ ಪ್ರದರ್ಶನ ಕಂಡಿತು. ನಿರ್ದೇಶಕ ಎಫ್. ಡಬ್ಲ್ಯು. ಮುರ್ನೌ. ಕತೆ ಸ್ಟೋಕರನದೇ. ಡ್ರಾಕುಲಾ ಓರ್ಲಾಕ್ ಆದ, ಇಂಗ್ಲೆಂಡಿನ ಬದಲು ಜರ್ಮನಿಯ ಊರು ಬಂತು. ಮೂಲ ಪುಸ್ತಕದ ಹೆಸರನ್ನು ಚಿತ್ರದಲ್ಲೇ ಹಾಕಿಕೊಂಡಿದ್ದರು. ಅಪ್ಪಣೆಯನ್ನು ಮಾತ್ರ ಕೇಳಿರಲಿಲ್ಲ. ಕೊನೆಯನ್ನೂ ಬದಲಿಸಿದರು. ಎಲೆನ್ ಎಂಬ ಹೆಣ್ಣುಮಗಳು ತನ್ನ ಪ್ರಾಣವನ್ನೇ ಒತ್ತೆಯಿಟ್ಟು ಅವನನ್ನು ಕೋಳಿ ಕೂಗುವವರೆಗೆ ತನ್ನ ಹಾಸಿಗೆಯ ಬಳಿಯೇ ನಿಲ್ಲಿಸಿಕೊಳ್ಳುತ್ತಾಳೆ. ಕಿಟಕಿಯಿಂದ ಬಂದ ಬೆಳಕಿಗೆ ಓರ್ಲಾಕ್ ಹೊಗೆಯಾಗಿ ಕರಗಿಹೋಗುತ್ತಾನೆ. ಮುಂದಿನವರೆಲ್ಲ ಕಲಿತ ಪಾಠ ಇದು.

ಆಗ ಸ್ಟೋಕರ್ ಸತ್ತು ಹತ್ತು ವರ್ಷ. ಅವನ ಹೆಂಡತಿ ಫ್ಲಾರೆನ್ಸ್ ಅವರಿಗೆ ಆದಾಯದ ಮುಖ್ಯ ಆಸರೆ ಆ ಒಂದು ಪುಸ್ತಕವೇ. ಸುದ್ದಿ ತಿಳಿದೊಡನೆ ಲೇಖಕರ ಸಂಘದ ನೆರವಿನಿಂದ ದಾವೆ ಹೂಡಿದರು. ಚಿತ್ರ ತೆಗೆದ ಕಂಪನಿ ಅಷ್ಟರಲ್ಲಿ ದಿವಾಳಿ. ಪರಿಹಾರ ಕೊಡಲು ಕಾಸಿಲ್ಲ. ಹಣ ಬರದಿದ್ದರೆ ಚಿತ್ರವನ್ನಾದರೂ ನಾಶಮಾಡಿ ಎಂದು ಆಕೆ ಪಟ್ಟು ಹಿಡಿದರು. 1925ರಲ್ಲಿ ಜರ್ಮನಿಯ ನ್ಯಾಯಾಲಯ ಹಾಗೆಯೇ ಆಜ್ಞೆ ಮಾಡಿತು. ಆದರೆ ಪ್ರತಿಗಳು ಆಗಲೇ ಬೇರೆ ದೇಶಗಳಿಗೆ ಹೋಗಿದ್ದವು. ಅವು ಉಳಿದುಕೊಂಡವು.

ಸಿನಿಮಾದ ಬಗ್ಗೆ ಬರೆಯುವವರು ಆಕೆಯನ್ನು ಹಟಮಾರಿ ವಿಧವೆಯೆಂಬಂತೆ ಚಿತ್ರಿಸುವುದುಂಟು. ಚಿತ್ರ ನೋಡಿದ ಹೊಸತರಲ್ಲಿ ನಾನೂ ಆಕೆಯನ್ನು ಮನಸ್ಸಿನಲ್ಲೇ ಬೈದುಕೊಂಡವಳು. ಆಮೇಲೆ ನಾಚಿಕೆಯಾಯಿತು. ಗಂಡ ಬಿಟ್ಟುಹೋದ ಆಸ್ತಿಯನ್ನು ಯಾರೋ ಕೇಳದೆ ಎತ್ತಿಕೊಂಡು ಹೋದರೆ, 'ಕಲೆಗಾಗಿ ಸಹಿಸಿಕೊಳ್ಳಿ' ಎನ್ನಲು ನಾವು ಯಾರು? ಒಬ್ಬರ ರಕ್ತದಲ್ಲಿ ಇನ್ನೊಬ್ಬರು ಬದುಕುವುದೇ ಅಲ್ಲವೇ ಪಿಶಾಚಿಯ ಕೆಲಸ? ಆದರೂ ಆ ಚಿತ್ರ ಪೂರ್ತಿ ಸುಟ್ಟುಹೋಗಿದ್ದರೆ ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ. ಮೆಟ್ಟಿಲೇರುವ ಓರ್ಲಾಕನ ಆ ನೆರಳು ನೂರು ವರ್ಷದ ನಂತರವೂ ಹೆದರಿಸುತ್ತದೆ. ಈಗಿನ ಚಿತ್ರಗಳ ಬಕೆಟ್ಟುಗಟ್ಟಲೆ ರಕ್ತ ನನ್ನನ್ನು ಹಾಗೆ ಹೆದರಿಸಿಲ್ಲ. ನ್ಯಾಯ ಆಕೆಯದು, ಉಳಿದದ್ದು ನಮ್ಮ ಅದೃಷ್ಟ. ಎರಡನ್ನೂ ಒಪ್ಪಬೇಕು.

'ಸಿನ್ನರ್ಸ್' ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. 1932ರ ಮಿಸಿಸಿಪ್ಪಿಯಲ್ಲಿ ಕರಿಯ ಹುಡುಗನೊಬ್ಬ ಗಿಟಾರು ಹಿಡಿದು ಹಾಡುತ್ತಾನೆ. ಪಿಶಾಚಿಗೆ ಅವನ ರಕ್ತದ ಜೊತೆಗೆ ಹಾಡೂ ಬೇಕು. ಚಿತ್ರದ ನಿರ್ದೇಶಕ ರಯಾನ್ ಕೂಗ್ಲರ್, 25 ವರ್ಷಗಳ ನಂತರ ಚಿತ್ರದ ಹಕ್ಕು ತನಗೇ ಮರಳಬೇಕೆಂದು ಸ್ಟುಡಿಯೋದೊಡನೆ ಕರಾರು ಮಾಡಿಕೊಂಡರು. ಈ ಸುದ್ದಿ ಓದಿದ ದಿನ ನನಗೆ ನೆನಪಾದವರು ಫ್ಲಾರೆನ್ಸ್. ಆಕೆ ಇದ್ದಿದ್ದರೆ ಆ ಕರಾರು ಪತ್ರವನ್ನು ಎರಡೆರಡು ಸಲ ಓದಿ, ಕನ್ನಡಕ ತೆಗೆದಿಟ್ಟು, 'ಸರಿಯಾಗಿ ಮಾಡಿದೆ ಮಗು' ಎನ್ನುತ್ತಿದ್ದರೇನೋ.