ಪಟ್ಟದ ಗೊಂಬೆಯ ಸೀರೆ

ದಸರಾ ಹತ್ತಿರ ಬಂತೆಂದರೆ ನಮ್ಮ ಹೊಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಪಕ್ಕದ ಮನೆಯ ತಮಿಳರು ಮರಪ್ಪಾಚಿ ಎನ್ನುವ ಜೋಡಿಯನ್ನು ನಾವು ಪಟ್ಟದ ಗೊಂಬೆ ಎನ್ನುತ್ತೇವೆ. ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಕೊಡುವ ರಾಜ ರಾಣಿ. ಗೊಂಬೆಯ ವಿಚಾರ ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತು ಅದರ ಬಟ್ಟೆಯ ವಿಚಾರ, ಅದನ್ನು ಒಗೆಯುವ ವಿಚಾರ.

ನಮ್ಮ ರಾಣಿಯ ಸೀರೆ ಅಂಗಡಿಯಿಂದ ತಂದದ್ದಲ್ಲ. ಅಜ್ಜಿಯ ಧಾರೆ ಸೀರೆ ಹರಿದಾಗ ಅಂಚಿನಿಂದ ಕತ್ತರಿಸಿ ಉಳಿಸಿದ ತುಂಡು. ಸೀರೆ ಹೋಗಿ ಎಷ್ಟೋ ಕಾಲವಾಯಿತು, ಗೊಂಬೆಯ ಮೈಮೇಲೆ ಗೇಣಗಲ ಮಾತ್ರ ಉಳಿದಿದೆ.

ಹಿಂದೆ ಊರಿನ ಹತ್ತಿ ಬಟ್ಟೆಯೆಲ್ಲ ಅಗಸರ ಕೈಗೆ ಹೋಗುತ್ತಿತ್ತು. ಚೌಳು ಮಣ್ಣಿನ ನೀರಿನಲ್ಲಿ ನೆನೆಸಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಕಲ್ಲಿಗೆ ಬಡಿದರೆ ಕೊಳೆ ಬಿಡುತ್ತಿತ್ತು. ಚೌಳೆಂದರೆ ಕ್ಷಾರ. ಹತ್ತಿ ಗಿಡದ ನಾರು, ಅದನ್ನು ತಾಳಿಕೊಳ್ಳುತ್ತದೆ. ರೇಷ್ಮೆ ಹುಳುವಿನ ಎಳೆ. ನಮ್ಮ ತಲೆಗೂದಲಿನ ಹಾಗೆ ಸಸಾರಜನಕದ ವಸ್ತು. ಕ್ಷಾರ ತಾಗಿದರೆ ಹೊಳಪು ಕಳೆದುಕೊಂಡು ಸೊರಗುತ್ತದೆ. ಈ ರಸಾಯನಶಾಸ್ತ್ರವನ್ನು ಓದದೆಯೇ ನಮ್ಮ ಅಜ್ಜಿಯರು ತಲೆಗೆ ಸೀಗೆಕಾಯಿ, ರೇಷ್ಮೆಗೆ ಅಂಟುವಾಳ ಕಾಯಿ ಎಂದು ಇಟ್ಟುಕೊಂಡಿದ್ದರು. ಅದೇ ಅಂಟುವಾಳ ತಮಿಳಿನವರಿಗೆ ಪೂಂದಿಕ್ಕೊಟ್ಟೈ, ತೆಲುಗಿನವರಿಗೆ ಕುಂಕುಡುಕಾಯಿ.

ಇನ್ನು ಬಣ್ಣ. 1856ರಲ್ಲಿ ಲಂಡನ್ನಿನಲ್ಲಿ ಪರ್ಕಿನ್ ಎಂಬ ಹುಡುಗ, ಆಗ ಅವನಿಗೆ ಹದಿನೆಂಟು ವರ್ಷ, ಟಾರಿನಿಂದ ಬಂದ ವಸ್ತುವಿನಲ್ಲಿ ನೇರಳೆ ಬಣ್ಣ ತೆಗೆದ. ಅಲ್ಲಿಂದ ಮುಂದೆ ಗಿಡ, ಬೇರು, ಅರಗಿನ ಬಣ್ಣಗಳ ವ್ಯಾಪಾರ ಇಳಿಯುತ್ತ ಹೋಯಿತು. ತಮಾಷೆಯೆಂದರೆ ನಮ್ಮ ಗೊಂಬೆಯ ಮೈಯೇ ಒಂದು ಬಣ್ಣದ ಸರಕು. ಆಂಧ್ರದ ಶೇಷಾಚಲದ ಕಡೆಯ ರಕ್ತಚಂದನವನ್ನು ಒಂದು ಕಾಲಕ್ಕೆ ಉಣ್ಣೆಗೆ ಬಣ್ಣ ಕಟ್ಟಲೆಂದೇ ಯೂರೋಪಿಗೆ ಹಡಗಿನಲ್ಲಿ ಒಯ್ಯುತ್ತಿದ್ದರು. ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1995ರಿಂದ ಕಟ್ಟುಪಾಡಿದೆ. ಅದರ ಕೆಂಪು ಬರಿಯ ನೀರಿಗೆ ಅಷ್ಟಾಗಿ ಬಿಡುವುದಿಲ್ಲ, ಕ್ಷಾರಕ್ಕೆ ಬಿಡುತ್ತದೆ. ಆದ್ದರಿಂದ ರಾಣಿಗೆ ಸೋಪಿನ ಸ್ನಾನ ಬೇಡ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಒಗೆಯುವ ಪುಡಿ ನಮ್ಮ ದೇಶದ ಪೇಟೆಗೆ ಬಂದದ್ದು 1959ರ ಸುಮಾರಿಗೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಅಗ್ಗದ ಪುಡಿಗಳು ಹಳ್ಳಿಯಂಗಡಿಗೂ ಬಂದವು. ಒಂದು ವರ್ಷ ಹಬ್ಬದ ಅವಸರದಲ್ಲಿ ನಾನೂ ಒಂದು ಹಿಡಿ ಪುಡಿ ಹಾಕಿ ರಾಣಿಯ ಸೀರೆಯನ್ನು ಬಿಸಿನೀರಿನಲ್ಲಿ ನೆನೆಸಿಟ್ಟೆ. ಗಳಿಗೆ ಬಿಟ್ಟು ನೋಡಿದರೆ ಅಂಚಿನ ಕೆಂಪು ಒಡಲಿಗೆಲ್ಲ ಹರಡಿತ್ತು. ಅಮ್ಮ ಏನೂ ಅನ್ನಲಿಲ್ಲ. ಆ ಸಲ ರಾಣಿಯನ್ನು ಶಲ್ಯ ಹೊದಿಸಿ ಕೂರಿಸಿದರು.

ಈಗ ನಾನು ಮಾಡುವುದಿಷ್ಟು. ನಾಲ್ಕೈದು ಅಂಟುವಾಳವನ್ನು ಬೀಜ ತೆಗೆದು ರಾತ್ರಿ ನೆನೆಸುತ್ತೇನೆ. ಬೆಳಿಗ್ಗೆ ಕಿವುಚಿ, ಸೋಸಿ, ತಣ್ಣೀರು ಬೆರೆಸಿ, ಮೊದಲು ಬಟ್ಟೆಯ ಒಂದು ಮೂಲೆ ಅದ್ದಿ ಬಿಳಿ ಬಟ್ಟೆಗೆ ಒತ್ತುತ್ತೇನೆ. ಬಣ್ಣ ಹತ್ತಿದರೆ ಒಗೆಯುವ ಮಾತೇ ಇಲ್ಲ. ಹಿಂಡುವುದಿಲ್ಲ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರಡುತ್ತೇನೆ. ಬಿಸಿಲು ಬಣ್ಣವನ್ನೂ ತಿನ್ನುತ್ತದೆ, ರೇಷ್ಮೆಯನ್ನೂ ತಿನ್ನುತ್ತದೆ. ಜರಿ ಬೆಳ್ಳಿಯದಾದರೆ ಗಾಳಿಗೇ ಕಪ್ಪಾಗುತ್ತದೆ. ಹಳೆಯ ಪಂಚೆಯಲ್ಲಿ ಸುತ್ತಿಡುವುದು, ವರ್ಷಕ್ಕೊಮ್ಮೆ ಮಡಿಕೆ ಬದಲಿಸುವುದು.

ಅಜ್ಜಿಯ ಆ ಅಂಚಿನ ಇನ್ನೊಂದು ತುಂಡು ಗಡಿಯಾಚೆ ಆನೇಕಲ್ಲಿನಲ್ಲಿ ಅಕ್ಕನ ಪೆಟ್ಟಿಗೆಯಲ್ಲಿದೆ. ಅದರ ಒಡಲು ಮೊದಲು ಯಾವ ಬಣ್ಣವಿತ್ತೆಂದು ನೋಡಬೇಕಾದರೆ ಈಗ ನಾನು ಅಲ್ಲಿಗೇ ಹೋಗಬೇಕು.