ಸೈಟು ಕೊಳ್ಳುವ ಮುನ್ನ, ಮನೆ ಕಟ್ಟುವ ಮುನ್ನ: ನೀರು, ನೆಲ, ನೆರಳಿನ ಲೆಕ್ಕ

ಒಡ್ಡನ್‌ಛತ್ರಂ: ತರಕಾರಿ ಮಾರುಕಟ್ಟೆಗೂ ನುಗ್ಗೆಕಾಯಿಗೂ ಹೆಸರಾದ ಊರು ಒಡ್ಡನ್‌ಛತ್ರಂ. ಈಗ ದಿಂಡಿಗಲ್-ಪಳನಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ನುಗ್ಗೆ ತೋಟಗಳ ನಡುವೆ ಬಣ್ಣ ಬಳಿದ ಸೈಟಿನ ಕಲ್ಲುಗಳೂ ಕಾಣುತ್ತವೆ. ಮಕ್ಕಳಿಗೊಂದು ಮನೆ ಬೇಕು, ನಿಜ. ಆದರೆ ಪಳನಿ ಬೆಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ನೀರಿಲ್ಲದ ಮನೆ ಕಟ್ಟಿ ಪ್ರಯೋಜನವೇನು? ಪರಿಸರಕ್ಕೆ ಹೊಂದುವ ಮನೆ ಎಂದರೆ ದುಡ್ಡಿದ್ದವರ ಶೋಕಿ ಎಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಮನೆಯಲ್ಲಿ ಕನ್ನಡ ಆಡುತ್ತ, ಪತ್ರವನ್ನು ತಮಿಳಿನಲ್ಲಿ ಓದುವ ನಮ್ಮವರಿಗಾಗಿ ಇಲ್ಲಿದೆ ಒಂದಿಷ್ಟು ಮಾಹಿತಿ.

ಮೊದಲು ಪತ್ರ ನೋಡಿ

ಅನುಮೋದನೆ ಇಲ್ಲದ ಬಡಾವಣೆಗಳ ನೋಂದಣಿಗೆ ಮದ್ರಾಸ್ ಹೈಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ತಡೆ ಹಾಕಿತು. ಹಳೆಯ ಸೈಟುಗಳನ್ನು ಕ್ರಮಬದ್ಧಗೊಳಿಸಲು ಸರಕಾರ 2017ರ ಮೇ ತಿಂಗಳಲ್ಲಿ ನಿಯಮ ತಂದಿತು. ಅದಕ್ಕೆ ಗಡುವಿನ ದಿನ 2016ರ ಅಕ್ಟೋಬರ್ 20. ನಂತರ ಮಾಡಿದ ಬಡಾವಣೆಗೆ ಅನುಮೋದನೆ ಬೇಕೇ ಬೇಕು.

2019ರ ತಮಿಳುನಾಡು ಸಂಯೋಜಿತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳ ಪ್ರಕಾರ 10,000 ಚದರ ಮೀಟರ್ (ಸುಮಾರು ಎರಡೂವರೆ ಎಕರೆ) ಮೀರಿದ ಬಡಾವಣೆಯಲ್ಲಿ ರಸ್ತೆ ಬಿಟ್ಟು ಉಳಿದ ಜಾಗದ ನೂರಕ್ಕೆ ಹತ್ತು ಪಾಲನ್ನು ಸಾರ್ವಜನಿಕ ಬಯಲಾಗಿ ಬಿಡಬೇಕು. ಆ ಬಯಲು ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಲು ಕೇಳಿ. ಮರ ಬೆಳೆಯುವುದು, ಮಳೆನೀರು ಇಂಗುವುದು ಅಲ್ಲೇ.

ಪಟ್ಟಾ, ವಿಲ್ಲಂಗ ಪತ್ರದ ಜೊತೆಗೆ ಎಫ್‌ಎಂಬಿ ನಕ್ಷೆಯನ್ನೂ ತೆಗೆಸಿ. ಅದರಲ್ಲಿ 'ಓಡೈ' ಅಥವಾ 'ವಾಯ್ಕಾಲ್' ಇದ್ದರೆ ಜಾಗಕ್ಕೆ ಹೋಗಿ ನೋಡಿ. ಬೇಸಿಗೆಯಲ್ಲಿ ಒಣಗಿ ನಿಂತ ಹಳ್ಳ ಐಪ್ಪಸಿ, ಕಾರ್ತಿಕ ಮಾಸದ ಮಳೆಗೆ ತನ್ನ ದಾರಿ ಹುಡುಕಿಕೊಂಡು ಬರುತ್ತದೆ. ಅದರ ಮೇಲೆ ಕಟ್ಟಿದರೆ ನಿಮ್ಮ ಮನೆಗೂ ನೀರು, ಕೆಳಗಿನ ಕೆರೆಗೆ ಬರ.

ಮಳೆನೀರು: ಲೆಕ್ಕ ಹಾಕಿ ನೋಡಿ

ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹವನ್ನು ತಮಿಳುನಾಡು 2003ರಲ್ಲೇ ಕಡ್ಡಾಯ ಮಾಡಿತು. ಆಗ ಅನೇಕರು ಪೈಪು ಇಳಿಸಿ, ಅಧಿಕಾರಿ ನೋಡಿ ಹೋದ ಮೇಲೆ ಮರೆತರು. ಈ ಲೇಖಕನೂ ಅವರಲ್ಲೊಬ್ಬ. ನಾಲ್ಕು ಬೇಸಿಗೆ ಟ್ಯಾಂಕರ್ ನೀರಿಗೆ ದುಡ್ಡು ಸುರಿದ ಮೇಲೆಯೇ ಮುಚ್ಚಿಹೋಗಿದ್ದ ಗುಂಡಿಯ ಹೂಳು ತೆಗೆಸಿದ್ದು.

ಲೆಕ್ಕ ಸುಲಭ. 1,000 ಚದರ ಅಡಿ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಮಳೆ ಎಂದು ಹಿಡಿದರೆ ತಾರಸಿ ಮೇಲೆ ಬೀಳುವ ನೀರು ಸುಮಾರು 65,000 ಲೀಟರ್. ಐದರಲ್ಲಿ ನಾಲ್ಕು ಪಾಲು ಹಿಡಿದರೂ 52,000 ಲೀಟರ್. ದಿನಕ್ಕೆ 400 ಲೀಟರ್ ಬಳಸುವ ಮನೆಗೆ ಇದು 130 ದಿನದ ನೀರು.

ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಿ. ಆಮೇಲಿನದನ್ನು ಜಲ್ಲಿ, ಇದ್ದಿಲು, ಮರಳಿನ ಸೋಸುಗುಂಡಿ ದಾಟಿಸಿ ತೊಟ್ಟಿಗೋ ಬಾವಿಗೋ ಕಳಿಸಿ. ಸೋಸದ ನೀರನ್ನು ಬೋರ್‌ವೆಲ್‌ಗೆ ಬಿಡಬೇಡಿ. ಸೋಸುಗುಂಡಿಯನ್ನು ಪ್ರತಿ ವರ್ಷ ಮಳೆಗೆ ಮುಂಚೆ ತೊಳೆಯಬೇಕು.

ಒಬ್ಬರು ಇಂಗಿಸಿ, ಪಕ್ಕದವರು ಹೀರಿದರೆ ಸಾಲದು. ಬೆಂಗಳೂರಿನ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಗೆ ಕಾವೇರಿ ನೀರಿರಲಿಲ್ಲ, ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತುತ್ತಿದ್ದವು. ನಿವಾಸಿಗಳು ಸೇರಿ ಖಾಸಗಿ ಬೋರ್‌ವೆಲ್ ಬೇಡವೆಂದು ತೀರ್ಮಾನಿಸಿದರು. ಇಂಗುಬಾವಿಗಳನ್ನು ತೋಡಿಸಿದರು, ಹೆಚ್ಚು ಬಳಸಿದವರಿಗೆ ಹೆಚ್ಚು ದರ ಎಂದು ಗೊತ್ತುಮಾಡಿದರು. ಊರಿನ ಕೂಟದಲ್ಲಿ ಕೂತು ಮಾತಾಡಿದರೆ ನಮ್ಮಲ್ಲೂ ಇದು ಆಗದ ಕೆಲಸವಲ್ಲ.

ಗೋಡೆ ಮತ್ತು ಸೂರು

ಸುಟ್ಟ ಇಟ್ಟಿಗೆ ಎಂದರೆ ಸೌದೆ, ಕಲ್ಲಿದ್ದಲು, ಮೇಲ್ಮಣ್ಣು. ಅದನ್ನು ಕಡಿಮೆ ಮಾಡಲು ಎರಡು ದಾರಿಗಳಿವೆ.

ಒಂದು, ರ‍್ಯಾಟ್ ಟ್ರ್ಯಾಪ್ ಬಾಂಡ್. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ಕ್ರಮ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಟೊಳ್ಳಿನ ಗಾಳಿ ಬಿಸಿಲಿನ ಧಗೆಯನ್ನು ತಡೆಯುತ್ತದೆ. ಕುಮುಳಿ ಘಾಟಿ ಹತ್ತಿದರೆ ಸಿಗುವ ಕೇರಳದಲ್ಲಿ ಇದನ್ನು ಜನರಿಗೆ ಪರಿಚಯಿಸಿದವರು 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್.

ಎರಡು, ಒತ್ತಿದ ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಇದರ ಮೇಲೆ ಬಹಳ ಕೆಲಸ ಮಾಡಿದೆ. ಮರಳು ಮಿಶ್ರಿತ ಕೆಮ್ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ, ಸುಡಬೇಕಾಗಿಲ್ಲ. ಎರೆಮಣ್ಣು ಇದಕ್ಕೆ ಆಗದು. ಮಣ್ಣನ್ನು ಪರೀಕ್ಷಿಸಿಯೇ ಮುಂದುವರಿಯಿರಿ.

ಸೂರಿನ ಮಾತಿಗೆ ಬಂದರೆ, ತಾರಸಿಗೆ ಬಿಳಿ ಸುಣ್ಣ ಬಳಿದರೂ ಕೆಳಗಿನ ಕೋಣೆಯ ಬಿಸಿ ತಗ್ಗುತ್ತದೆ. ಪಡುವಣ ಗೋಡೆಗೆ ಕಿಟಕಿ ಕಡಿಮೆ ಇರಲಿ, ಆ ಕಡೆ ಬೇವೋ ಹೊಂಗೆಯೋ ಇರಲಿ. ಹಳೆಯ ಹಂಚಿನ ಮನೆಯ ಜಗಲಿ ಮಾಡುತ್ತಿದ್ದದ್ದೂ ಗೋಡೆಗೆ ನೆರಳು ಕೊಡುವ ಈ ಕೆಲಸವನ್ನೇ.

ಬಚ್ಚಲು, ಕಕ್ಕಸು, ಬಿಸಿಲು

ಬಚ್ಚಲ ನೀರನ್ನು ಬೀದಿಗೆ ಬಿಡದೆ ಬಾಳೆಗೂ ತೆಂಗಿಗೂ ತಿರುಗಿಸಿ. ಕಕ್ಕಸಿಗೆ ಅವಳಿ ಗುಂಡಿ ಒಳ್ಳೆಯದು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿದರೆ, ಎರಡು ವರ್ಷ ಬಿಟ್ಟ ಮೊದಲ ಗುಂಡಿಯಲ್ಲಿ ಗೊಬ್ಬರ ಸಿಗುತ್ತದೆ. ಕುಡಿಯುವ ಬಾವಿಯಿಂದ ಗುಂಡಿ ಸಾಕಷ್ಟು ದೂರವಿರಲಿ.

ಬಿಸಿಲಂತೂ ನಮ್ಮಲ್ಲಿ ಧಾರಾಳ. ಒಂದು ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರದ ಸೂರ್ಯ ಘರ್ ಯೋಜನೆಯು 1 ಕಿಲೋವ್ಯಾಟ್‌ಗೆ 30,000 ರೂ., 2ಕ್ಕೆ 60,000 ರೂ., 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂ. ಸಹಾಯಧನ ಗೊತ್ತುಮಾಡಿತು.

ಬಡವರ ಮನೆಯಲ್ಲೂ ಸಾಧ್ಯ

ರಾಜ್ಯ ಸರಕಾರ 2011ರಲ್ಲಿ ತಂದ 'ಪಸುಮೈ ವೀಡು' ಯೋಜನೆ ನೆನಪಿದೆಯೇ? 300 ಚದರ ಅಡಿಯ ಮನೆ, ಐದು ಸೌರ ದೀಪ, ಮಳೆನೀರು ಸಂಗ್ರಹ. 2024ರಲ್ಲಿ ಬಂದ 'ಕಲೈಞರ್ ಕನವು ಇಲ್ಲಂ' ಯೋಜನೆಯ ಮನೆ 360 ಚದರ ಅಡಿ, ನೆರವು ಮೂರೂವರೆ ಲಕ್ಷ ರೂ. ಇಷ್ಟು ಚಿಕ್ಕ ಮನೆಯಲ್ಲೂ ಮಳೆಗೂ ಬಿಸಿಲಿಗೂ ಜಾಗವಿದೆ ಎಂದ ಮೇಲೆ ದೊಡ್ಡ ಬಡಾವಣೆಗೆ ನೆಪ ಎಲ್ಲಿಯದು?

ಮುಂಗಡ ಕೊಡುವ ಮುನ್ನ ಕೇಳಿ

* ಬಡಾವಣೆಗೆ ಅನುಮೋದನೆ ಸಂಖ್ಯೆ ಇದೆಯೇ?
* ನಕ್ಷೆಯ ಹಳ್ಳ ಜಾಗದಲ್ಲೂ ಇದೆಯೇ?
* ಸಾರ್ವಜನಿಕ ಬಯಲು ಎಲ್ಲಿ?
* ಬೇಸಿಗೆಯಲ್ಲಿ ಅಕ್ಕಪಕ್ಕದ ಬಾವಿಗಳಲ್ಲಿ ನೀರು ಎಷ್ಟಿರುತ್ತದೆ?
* ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಕೊನೆಯ ಎರಡಕ್ಕೆ ಉತ್ತರವನ್ನು ಸೈಟು ಮಾರುವವರ ಬಳಿ ಕೇಳಬೇಡಿ. ಪಕ್ಕದ ತೋಟದಲ್ಲಿ ನುಗ್ಗೆಕಾಯಿ ಕೀಳುತ್ತಿರುವವರನ್ನು ಕೇಳಿ. ಅವರು ನಿಜ ಹೇಳುತ್ತಾರೆ.